ಪುಸ್ತಕ ಅಚ್ಚಾಯಿತು, ಮಕ್ಕಳು ಮನೆಯಲ್ಲಿದ್ದಾರೆ: ಹಾಸನದಿಂದ ಮಾರುವವರಿಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಮತ್ತು ಜ್ಞಾನ ಪೋಸ್ಟ್ ಎಷ್ಟು ಒದಗುತ್ತವೆ?

ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿಸಿದವರಿಗೆ ಬರೆಯುವ ಕೆಲಸಕ್ಕಿಂತ ಮಾರುವ ಕೆಲಸವೇ ದೊಡ್ಡದು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕೇಳುವುದೇ ಬೇಡ. ಬರೆಯುವಾಗ ರಾತ್ರಿ ಎರಡು ಗಂಟೆ ಒಂದೇ ಸಮನೆ ಸಿಕ್ಕಿದ್ದರೂ ಸಾಕಾಗಿತ್ತು. ಮಾರುವಾಗ ಹಾಗಲ್ಲ. ಬೆಳಗ್ಗೆ ಯಾರೋ ವಿಳಾಸ ಕಳಿಸುತ್ತಾರೆ, ಮಧ್ಯಾಹ್ನ ಇನ್ಯಾರೋ ಹಣ ಹಾಕುತ್ತಾರೆ, ಸಂಜೆ ಮಗುವಿಗೆ ಹೋಂವರ್ಕ್ ಮಾಡಿಸುವ ಹೊತ್ತಿಗೆ ಮತ್ತೊಬ್ಬರು "ಪುಸ್ತಕ ಇನ್ನೂ ಬಂದಿಲ್ಲ" ಎನ್ನುತ್ತಾರೆ. ಹತ್ತು ಹತ್ತು ನಿಮಿಷದ ಚೂರುಗಳಲ್ಲೇ ಎಲ್ಲ ನಡೆಯಬೇಕು. ಹಾಗಾಗಿ ಈ ವಿಮರ್ಶೆಯಲ್ಲಿ ಒಂದೇ ಅಳತೆಗೋಲು ಇಟ್ಟುಕೊಂಡಿದ್ದೇವೆ: ಮಧ್ಯದಲ್ಲಿ ಎದ್ದು ಹೋಗಿ ಮೂರು ಗಂಟೆ ಬಿಟ್ಟು ಬಂದರೆ, ಕೆಲಸ ಎಲ್ಲಿ ನಿಂತಿತ್ತು ಎಂಬುದನ್ನು ಈ ಸೇವೆ ನೆನಪಿಟ್ಟುಕೊಂಡಿರುತ್ತದೆಯೇ?

ಇಲ್ಲಿ ನೋಡುತ್ತಿರುವುದು ಎರಡು ಸೇವೆಗಳನ್ನು. ಓದುಗರನ್ನು ತಲುಪಿ ಆರ್ಡರ್ ಹಿಡಿಯಲು ವಾಟ್ಸ್‌ಆ್ಯಪ್ ಬಿಸಿನೆಸ್, ಪುಸ್ತಕ ಮುಟ್ಟಿಸಲು ಅಂಚೆ ಇಲಾಖೆಯ ಜ್ಞಾನ ಪೋಸ್ಟ್. ಜೋಡಿಯಾಗಿ ಬಳಸಿದರೆ ಹಾಸನದಂಥ ಊರಿನಲ್ಲಿ ಕೂತು ಇಡೀ ರಾಜ್ಯಕ್ಕೆ ಪುಸ್ತಕ ಕಳಿಸುವುದಕ್ಕೆ ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಸದ್ಯಕ್ಕಿಲ್ಲ ಎಂಬುದು ನಮ್ಮ ತೀರ್ಮಾನ. ಎರಡರಲ್ಲೂ ಕೊರತೆಗಳಿವೆ, ಅವನ್ನೂ ಹೇಳುತ್ತೇವೆ.

ಆ್ಯಪ್ ಹಾಕಿಕೊಳ್ಳುವಾಗಲೇ ತೀರ್ಮಾನಿಸಬೇಕಾದದ್ದು

ವಾಟ್ಸ್‌ಆ್ಯಪ್ ಬಿಸಿನೆಸ್ ಉಚಿತ. ಮಾಮೂಲಿ ವಾಟ್ಸ್‌ಆ್ಯಪ್ ಇರುವ ಫೋನಿನಲ್ಲೇ ಇದನ್ನೂ ಹಾಕಿಕೊಳ್ಳಬಹುದು, ಆದರೆ ಒಂದೇ ನಂಬರು ಎರಡರಲ್ಲೂ ನಡೆಯುವುದಿಲ್ಲ. ಮನೆಯ ನಂಬರನ್ನೇ ಬಿಸಿನೆಸ್‌ಗೆ ಬದಲಾಯಿಸಿದರೆ ಹಳೆಯ ಮಾತುಕತೆಗಳೆಲ್ಲ ಇಲ್ಲಿಗೆ ಬರುತ್ತವೆ. ಸುಲಭ ಅನ್ನಿಸುತ್ತದೆ, ಆದರೂ ಮಕ್ಕಳಿರುವವರಿಗೆ ಇದು ಬೇಡ. ಶಾಲೆಯ ಕ್ಲಾಸ್ ಗ್ರೂಪು, ವ್ಯಾನ್ ಡ್ರೈವರ್ ಮೆಸೇಜು, ಅತ್ತೆ ಮನೆಯವರ ಗ್ರೂಪು, ಪುಸ್ತಕದ ಆರ್ಡರು ಎಲ್ಲ ಒಂದೇ ಕಡೆ ಬಿದ್ದರೆ ಮೊದಲು ಕಳೆದುಹೋಗುವುದು ಆರ್ಡರೇ. ಎರಡನೇ ಸಿಮ್ ಒಂದನ್ನು ತೆಗೆದುಕೊಂಡು, ಅದನ್ನು ಪುಸ್ತಕಕ್ಕೆ ಮಾತ್ರ ಇಟ್ಟುಕೊಳ್ಳಿ. ಅದಕ್ಕೆ ಆಗಾಗ ಕನಿಷ್ಠ ರೀಚಾರ್ಜ್ ಮಾಡಿಸಿ ಜೀವಂತ ಇಡಬೇಕು. ನಂಬರು ನಿಂತು ಹೋಗಿ ಬೇರೆಯವರ ಪಾಲಾದರೆ, ಪುಸ್ತಕದ ಬೆನ್ನಿನಲ್ಲಿ ಅಚ್ಚಾದ ನಂಬರಿಗೆ ಓದುಗರು ಕರೆ ಮಾಡಿದಾಗ ಎತ್ತುವವರು ಯಾರೋ ಆಗಿರುತ್ತಾರೆ.

ಪ್ರೊಫೈಲ್ ತುಂಬಿಸುವಾಗ ವಿಳಾಸದ ಜಾಗ ಕಾಣುತ್ತದೆ. ಅಲ್ಲಿ ಮನೆಯ ವಿಳಾಸ ಹಾಕಬೇಡಿ. ಆ ನಂಬರು ಸಿಕ್ಕ ಯಾರಿಗಾದರೂ ಅದು ಕಾಣುತ್ತದೆ. "ಹಾಸನ" ಎಂದಷ್ಟೇ ಇದ್ದರೆ ಸಾಕು. ಪ್ರೊಫೈಲ್ ಚಿತ್ರಕ್ಕೆ ಪುಸ್ತಕದ ಮುಖಪುಟ ಇರಲಿ. ಮಕ್ಕಳು ಪುಸ್ತಕ ಹಿಡಿದು ನಿಂತ ಫೋಟೋ ಮುದ್ದಾಗಿರುತ್ತದೆ, ಲೈಕೂ ಬರುತ್ತದೆ. ಆದರೆ ಯೂನಿಫಾರಂ, ಬ್ಯಾಡ್ಜು, ಶಾಲೆಯ ಹೆಸರು, ಮನೆ ಗೇಟು ಇವುಗಳಲ್ಲಿ ಒಂದು ಕಂಡರೂ ಅದು ಅಪರಿಚಿತರ ಕೈಗೆ ಮಗುವಿನ ದಿನಚರಿ ಕೊಟ್ಟಂತೆ. ಈ ವಿಷಯದಲ್ಲಿ ರಾಜಿ ಬೇಡ.

ಕ್ಯಾಟಲಾಗ್ ಅನ್ನುವ ಭಾಗದಲ್ಲಿ 500 ವಸ್ತುಗಳವರೆಗೆ ಹಾಕಬಹುದು, ಒಂದೊಂದಕ್ಕೆ ಹತ್ತು ಚಿತ್ರ. ಒಂದೇ ಪುಸ್ತಕ ಇರುವವರೂ ಇದನ್ನು ತುಂಬಿಸಲೇಬೇಕು, ಏಕೆಂದರೆ "ಎಷ್ಟು ಪುಟ, ಬೆಲೆ ಎಷ್ಟು, ಯಾವ ಬಗೆಯ ಪುಸ್ತಕ" ಎಂಬ ಮೂರು ಪ್ರಶ್ನೆಗೆ ಒಂದೇ ಕೊಂಡಿ ಉತ್ತರ ಕೊಡುತ್ತದೆ. ಚಿತ್ರಗಳು ಈ ಕ್ರಮದಲ್ಲಿರಲಿ: ಮುಖಪುಟ, ಬೆನ್ನುಪುಟ, ಪರಿವಿಡಿ, ಮೊದಲ ಪುಟ. ಬೆಲೆಯನ್ನು ಅಂಚೆ ವೆಚ್ಚ ಸೇರಿಸಿಯೇ ಹಾಕಿ. "ಅಂಚೆ ಬೇರೆ" ಎಂದು ಬರೆದರೆ ಪ್ರತಿಯೊಬ್ಬರೂ "ಅದೆಷ್ಟು?" ಎಂದು ಕೇಳುತ್ತಾರೆ, ನೀವು ಪ್ರತಿಯೊಬ್ಬರಿಗೂ ಬರೆಯುತ್ತ ಕೂರಬೇಕಾಗುತ್ತದೆ.

ಇಲ್ಲಿ ಕನ್ನಡದವರಿಗೇ ಎದುರಾಗುವ ತೊಡಕೊಂದಿದೆ. ನಮ್ಮ ಬಹಳಷ್ಟು ಡಿಟಿಪಿ (ಅಕ್ಷರ ಜೋಡಿಸಿ ಪುಟ ಕಟ್ಟುವ) ಅಂಗಡಿಗಳಲ್ಲಿ ಪುಸ್ತಕದ ಒಳಪುಟಗಳು ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಪೇಜ್‌ಮೇಕರ್‌ನಲ್ಲಿ ಸಿದ್ಧವಾಗುತ್ತವೆ. ಆ ಪಠ್ಯವನ್ನು ನಕಲಿಸಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬರುತ್ತವೆ. ಎಲ್ಲ ಫೋನುಗಳೂ ಓದಬಲ್ಲ ಯೂನಿಕೋಡ್‌ಗೆ ಪರಿವರ್ತಿಸಿದರೆ ಸರಿಹೋಗುತ್ತದೆ, ಆದರೆ ಅರ್ಕಾವತ್ತು, ಮೂರಕ್ಷರದ ಒತ್ತು, ಅಂಕಿಗಳು ಅಲ್ಲಲ್ಲಿ ಕೆಡುತ್ತವೆ, ಒಂದು ಸಲ ಕೂತು ಓದಿ ತಿದ್ದಲೇಬೇಕು. ಪುಸ್ತಕ ಮುದ್ರಣಕ್ಕೆ ಹೋಗುವ ದಿನವೇ ಡಿಟಿಪಿಯವರಿಂದ ಮೂರು ಫೈಲ್ ಕೇಳಿ ಪಡೆಯಿರಿ: ಒಳಪುಟಗಳ ಯೂನಿಕೋಡ್ ಪಠ್ಯ, ಒಳಪುಟಗಳ ಪಿಡಿಎಫ್, ಮುಖಪುಟದ ಜೆಪೆಗ್. ಮುಖಪುಟದ ಜೆಪೆಗ್ ಆರ್‌ಜಿಬಿ (ಪರದೆಗೆಂದು ಮಾಡಿದ) ಬಣ್ಣದಲ್ಲಿರಲಿ ಎಂದು ಒತ್ತಿ ಹೇಳಿ. ಮುದ್ರಣಕ್ಕೆ ಮಾಡಿದ ಸಿಎಂವೈಕೆ ಫೈಲನ್ನು ಹಾಗೇ ಕೊಟ್ಟರೆ ಕೆಲವು ಫೋನುಗಳಲ್ಲಿ ಬಣ್ಣ ಕೆಟ್ಟು ಕಾಣುತ್ತದೆ. ಆರು ತಿಂಗಳು ಬಿಟ್ಟು ಕೇಳಿದರೆ ಫೈಲ್ ಅಳಿಸಿ ಹೋಗಿರುವ ಸಾಧ್ಯತೆಯೇ ಹೆಚ್ಚು.

ನೀವು ಇಲ್ಲದ ಹೊತ್ತಿನಲ್ಲಿ ಮಾತಾಡುವ ಮೂರು ಸೌಲಭ್ಯ

ಈ ಆ್ಯಪ್‌ನ ನಿಜವಾದ ಬೆಲೆ ಇರುವುದು ಬಿಸಿನೆಸ್ ಟೂಲ್ಸ್ ಒಳಗಿನ ಗ್ರೀಟಿಂಗ್ ಮೆಸೇಜ್, ಅವೇ (away, ನೀವಿಲ್ಲದ ಹೊತ್ತಿನ) ಮೆಸೇಜ್, ಕ್ವಿಕ್ ರಿಪ್ಲೈ ಈ ಮೂರರಲ್ಲಿ. ಗ್ರೀಟಿಂಗ್ ಎಂದರೆ ಯಾರಾದರೂ ಮೊದಲ ಸಲ ಬರೆದಾಗ, ಅಥವಾ 14 ದಿನ ಮಾತಿಲ್ಲದೆ ಇದ್ದು ಮತ್ತೆ ಬರೆದಾಗ ತಾನಾಗಿ ಹೋಗುವ ಉತ್ತರ. ಇದರಲ್ಲಿ "ನಮಸ್ಕಾರ, ಸಂಪರ್ಕಿಸಿದ್ದಕ್ಕೆ ಧನ್ಯವಾದ" ಎಂದು ಬರೆದು ನಿಲ್ಲಿಸುವವರೇ ಹೆಚ್ಚು. ಅದರಿಂದ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಬದಲಿಗೆ ಹೀಗಿರಲಿ:

"ನಮಸ್ಕಾರ. ಪುಸ್ತಕದ ಬೆಲೆ ಅಂಚೆ ಸೇರಿ 180 ರೂಪಾಯಿ. ಬೇಕಿದ್ದವರು ಹೆಸರು, ಪೂರ್ತಿ ವಿಳಾಸ, ಪಿನ್ ಕೋಡ್, ಫೋನ್ ನಂಬರ್ ಒಂದೇ ಮೆಸೇಜಿನಲ್ಲಿ ಕಳಿಸಿ. ಮಂಗಳವಾರ ಮತ್ತು ಶುಕ್ರವಾರ ಅಂಚೆಗೆ ಹಾಕುತ್ತೇವೆ."

ಕೊನೆಯ ವಾಕ್ಯವೇ ಮುಖ್ಯ. ವಾರಕ್ಕೆ ಎರಡೇ ದಿನ ಎಂದು ಮೊದಲೇ ಹೇಳಿದರೆ ಯಾರಿಗೂ ಬೇಸರವಿಲ್ಲ. ಹೇಳದೆ ಮೂರು ದಿನ ತಡಮಾಡಿದರೆ ಅದೇ ಜನ ಮುನಿಸಿಕೊಳ್ಳುತ್ತಾರೆ.

ಅವೇ ಮೆಸೇಜಿಗೆ ಹೊತ್ತು ಗೊತ್ತುಮಾಡಬಹುದು. ಮಕ್ಕಳು ಶಾಲೆಯಿಂದ ಬರುವ ಮೂರೂವರೆಯಿಂದ ರಾತ್ರಿ ಒಂಬತ್ತರವರೆಗೆ ಹಾಕಿಟ್ಟರೆ, ಆ ಹೊತ್ತಿನಲ್ಲಿ ಬರೆದವರಿಗೆ "ನಾಳೆ ಬೆಳಗ್ಗೆ ಹತ್ತರಿಂದ ಹನ್ನೊಂದರೊಳಗೆ ಉತ್ತರಿಸುತ್ತೇವೆ" ಎಂದು ಹೋಗುತ್ತದೆ. ಯಾರಿಗೆ ಹೋಗಬೇಕು ಎಂಬುದನ್ನೂ ಆರಿಸಬಹುದು. ಬೇರೆ ದಾರಿಯಿಲ್ಲದೆ ಮನೆಯ ನಂಬರನ್ನೇ ಬಳಸುತ್ತಿರುವವರು ಫೋನಿನ ವಿಳಾಸ ಪುಸ್ತಕದಲ್ಲಿ ಇಲ್ಲದವರಿಗೆ ಮಾತ್ರ ಎಂಬುದನ್ನು ಒತ್ತಿ, ಇಲ್ಲದಿದ್ದರೆ ಅತ್ತೆಯವರು "ಊಟ ಆಯ್ತೇನಮ್ಮ" ಎಂದು ಕೇಳಿದ್ದಕ್ಕೂ ಪುಸ್ತಕದ ಉತ್ತರವೇ ಹೋಗುತ್ತದೆ. ಇನ್ನೊಂದು ಮಾತು, ಬಹಳ ಜನ ಗಮನಿಸದ್ದು: ಅವೇ ಮೆಸೇಜ್ ಹೋಗಲು ನಿಮ್ಮ ಫೋನಿನಲ್ಲಿ ಇಂಟರ್ನೆಟ್ ನಡೆಯುತ್ತಿರಬೇಕು. ಮಗು ಆಟವಾಡುವಾಗ ಏರೋಪ್ಲೇನ್ ಮೋಡ್ ಒತ್ತಿದ್ದರೆ, ಅಥವಾ ಕಾರ್ಟೂನ್ ನೋಡುತ್ತಾರೆಂದು ನೀವೇ ಡೇಟಾ ಆಫ್ ಮಾಡಿದ್ದರೆ ಯಾರಿಗೂ ಏನೂ ಹೋಗಿರುವುದಿಲ್ಲ.

ಕ್ವಿಕ್ ರಿಪ್ಲೈ ಎಂದರೆ ಮೊದಲೇ ಬರೆದಿಡುವ ಉತ್ತರ, ಐವತ್ತರವರೆಗೆ ಉಳಿಸಬಹುದು. ಓರೆಗೆರೆ (/) ಒತ್ತಿ ಗುರುತು ಬರೆದರೆ ಇಡೀ ಉತ್ತರ ಬರುತ್ತದೆ. ಗುರುತಿಗೆ ಉದ್ದನೆಯ ಪದ ಬೇಡ, ಅಂಕಿಗಳೇ ಇರಲಿ, ಒಂದು ಕೈಯಲ್ಲಿ ಮಗು ಇದ್ದಾಗಲೂ ಒತ್ತಬಹುದು. ಐದು ಉತ್ತರ ಇದ್ದರೆ ಮುಕ್ಕಾಲು ಪಾಲು ಮಾತುಕತೆ ಮುಗಿಯುತ್ತದೆ. ಒಂದು, ಹಣ ಕಳಿಸುವ ಕ್ಯುಆರ್ ಚಿತ್ರ. ಎರಡು, "ಹಣ ಬಂದಿದೆ, ಈ ವಾರದ ಅಂಚೆಗೆ ಹಾಕುತ್ತೇವೆ." ಮೂರು, ಅಂಚೆಗೆ ಹಾಕಿದ ಸುದ್ದಿ ಮತ್ತು ಟ್ರ್ಯಾಕಿಂಗ್ ನೋಡುವ ರೀತಿ. ನಾಲ್ಕು, ಪುಸ್ತಕ ಓದಿದವರಿಗೆ "ಎರಡು ಸಾಲು ಅಭಿಪ್ರಾಯ ಬರೆದು ಕಳಿಸಿ, ನಿಮ್ಮ ಹೆಸರಿನೊಂದಿಗೆ ಸ್ಟೇಟಸ್‌ನಲ್ಲಿ ಹಾಕಬಹುದೇ?" ಐದು, "ಮಗುವಿಗೆ ಹುಷಾರಿಲ್ಲ, ಈ ವಾರ ಅಂಚೆ ಇಲ್ಲ, ಮುಂದಿನ ಮಂಗಳವಾರ ಹೋಗುತ್ತದೆ." ಐದನೆಯದನ್ನು ಮೊದಲೇ ಬರೆದಿಡಿ. ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ವಿನಯದ ಮೆಸೇಜ್ ಬರೆಯುವುದು ಕಷ್ಟ.

ಇನ್ನು ಲೇಬಲ್‌ಗಳು. ಒಂದೊಂದು ಮಾತುಕತೆಗೂ ಹಚ್ಚುವ ಗುರುತಿನ ಚೀಟಿಗಳಿವು. ಇಪ್ಪತ್ತರವರೆಗೆ ಮಾಡಬಹುದು, ನಾಲ್ಕು ಸಾಕು: "ವಿಳಾಸ ಬೇಕು", "ಹಣ ಬಾಕಿ", "ಕಟ್ಟಬೇಕು", "ಅಂಚೆಗೆ ಹೋಯಿತು". ಮೆಸೇಜ್ ತೆರೆದ ಕೂಡಲೇ, ಉತ್ತರಿಸುವ ಮೊದಲೇ ಲೇಬಲ್ ಹಾಕುವುದನ್ನು ಅಭ್ಯಾಸ ಮಾಡಿಕೊಳ್ಳಿ. ಮಕ್ಕಳು ಫೋನ್ ತೆಗೆದುಕೊಂಡು ಮೆಸೇಜ್ ತೆರೆದುಬಿಟ್ಟರೆ ಓದಿದ ಗುರುತು ಬಿದ್ದು, ಅದು ಕೆಳಗೆ ಸರಿದು ಮರೆತೇ ಹೋಗುತ್ತದೆ. ಆರ್ಡರ್ ತಪ್ಪುವುದು ಬಹುಪಾಲು ಹೀಗೆಯೇ. ಆ್ಯಪ್‌ಗೆ ಬೆರಳಚ್ಚಿನ ಬೀಗ ಹಾಕಿ, ಅದಕ್ಕೆ ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ ದಾರಿಯಿದೆ. ಮಂಗಳವಾರ ಬೆಳಗ್ಗೆ "ಕಟ್ಟಬೇಕು" ಲೇಬಲ್ ತೆರೆದರೆ ಆ ದಿನದ ಕೆಲಸ ಪೂರ್ತಿ ಕಣ್ಣ ಮುಂದಿರುತ್ತದೆ. ನಮ್ಮ ಅಳತೆಗೋಲಿನಲ್ಲಿ ಈ ಆ್ಯಪ್ ಗೆಲ್ಲುವುದು ಇದೊಂದು ಸೌಲಭ್ಯದಿಂದ.

ಪ್ರಚಾರದ ಮಾತಿಗೆ ಬಂದರೆ

ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಿ, ಒಂದೇ ಮೆಸೇಜನ್ನು ಎಲ್ಲರಿಗೂ ಬೇರೆಬೇರೆಯಾಗಿ ಕಳಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಹೊಸ ಸಿಮ್‌ನಿಂದ ಇನ್ನೂರು ಜನಕ್ಕೆ ಕಳಿಸಿ "ಒಬ್ಬರೂ ಉತ್ತರಿಸಲಿಲ್ಲ" ಎಂದು ಕುಗ್ಗುವವರಿಗೆ ಆಗಿರುವುದು ಇದೇ, ಮೆಸೇಜ್ ಹೋಗಿಯೇ ಇಲ್ಲ. ಮೊದಲು ಹಳೆಯ ನಂಬರಿನಿಂದ ಒಬ್ಬೊಬ್ಬರಿಗೂ ಬರೆದು, ಹೊಸ ನಂಬರನ್ನು ಉಳಿಸಿಕೊಳ್ಳಲು ಕೇಳಿ. ದಿನಕ್ಕೆ ಹತ್ತು ಜನರಂತೆ ಹೋದರೆ ಸಾಕು. ಹೊಸ ನಂಬರಿನಿಂದ ಪರಿಚಯವಿಲ್ಲದವರಿಗೆ ಒಂದೇ ದಿನ ರಾಶಿ ಮೆಸೇಜ್ ಕಳಿಸಿದರೆ, ಅವರಲ್ಲಿ ಕೆಲವರು ಬ್ಲಾಕ್ ಅಥವಾ ರಿಪೋರ್ಟ್ ಮಾಡಿದರೆ, ನಂಬರೇ ನಿಷೇಧವಾಗಬಹುದು.

ಸ್ಟೇಟಸ್ ಬಗ್ಗೆ ನಮಗೆ ಹೆಚ್ಚು ಭರವಸೆ. 24 ಗಂಟೆ ಉಳಿಯುತ್ತದೆ, ಯಾರ ಮನೆಬಾಗಿಲನ್ನೂ ತಟ್ಟಿದಂತಾಗುವುದಿಲ್ಲ, ಯಾರು ನೋಡಿದರು ಎಂಬುದೂ ಕಾಣುತ್ತದೆ. ಪುಸ್ತಕದ ಇಡೀ ಪುಟದ ಫೋಟೋ ಹಾಕಬೇಡಿ, ಆ ಅಕ್ಷರ ಯಾರಿಗೂ ಓದಲು ಬರುವುದಿಲ್ಲ. ಆರರಿಂದ ಎಂಟು ಸಾಲು, ದಪ್ಪ ಅಕ್ಷರದಲ್ಲಿ, ತಿಳಿ ಹಿನ್ನೆಲೆಯ ಮೇಲೆ. ಕೆಳಗೆ ಪುಸ್ತಕದ ಹೆಸರು ಮತ್ತು "ಬೇಕಿದ್ದರೆ ಇದಕ್ಕೇ ಉತ್ತರಿಸಿ". ಇಂಥ ಇಪ್ಪತ್ತು ತುಣುಕುಗಳನ್ನು ಒಂದೇ ಸಲ ಕೂತು ಮಾಡಿ ಗ್ಯಾಲರಿಯ ಪ್ರತ್ಯೇಕ ಆಲ್ಬಮ್ಮಿನಲ್ಲಿಟ್ಟರೆ, ಆಮೇಲೆ ವಾರಕ್ಕೆ ಎರಡು ಹಾಕಿದರೂ ಹತ್ತು ವಾರ ಯೋಚನೆಯಿಲ್ಲ. ಒಂದು ನಿಮಿಷದೊಳಗಿನ ಓದಿನ ದನಿಯೂ ಚೆನ್ನಾಗಿ ಹೋಗುತ್ತದೆ. ಮಕ್ಕಳು ಮಲಗಿದ ಮೇಲೆ ಫ್ಯಾನ್ ಆರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ಓದಿದರೆ ಸ್ಟುಡಿಯೋ ಬೇಕಾಗುವುದಿಲ್ಲ.

ಮಗುವಿನ ಕ್ಲಾಸ್ ಗ್ರೂಪಿನಲ್ಲಿ ಪುಸ್ತಕದ ಜಾಹೀರಾತು ಹಾಕುವುದು ನಮಗೆ ಸರಿ ಕಾಣುವುದಿಲ್ಲ. ಅದು ಹೋಂವರ್ಕು, ರಜೆ, ಪರೀಕ್ಷೆಯ ಜಾಗ. ಬೇಕಿದ್ದರೆ ಶಾಲೆಯ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಟ್ಟು ಶಿಕ್ಷಕರ ಬಳಿ ಮಾತಾಡಿ. ಹೆಚ್ಚು ಜನ ಓದುತ್ತಾರೆ, ಗೌರವವೂ ಉಳಿಯುತ್ತದೆ.

ಬಿಡುಗಡೆಗೆ ಹೊತ್ತಿನ ಆಯ್ಕೆಯೂ ಮುಖ್ಯ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದದ್ದು ಇದೇ ಊರಿಗೆ, ಹಾಗಾಗಿ ಹಾಸನದ ಹೆಣ್ಣುಮಕ್ಕಳ ಬರಹಕ್ಕೆ ಓದುಗರಿಲ್ಲ ಎಂದು ಇನ್ನು ಯಾರೂ ಹೇಳಲಾರರು. ಆದರೆ ಮಾರ್ಚ್ ಪರೀಕ್ಷೆ, ಏಪ್ರಿಲ್–ಮೇ ಬೇಸಿಗೆ ರಜೆಯಲ್ಲಿ ಬಿಡುಗಡೆ ಇಟ್ಟುಕೊಂಡರೆ ಮೊದಲ ತಿಂಗಳ ಬಿಸಿ ಮಕ್ಕಳ ಕೆಲಸದಲ್ಲೇ ಕಳೆದುಹೋಗುತ್ತದೆ. ದಸರಾ ರಜೆ ಮುಗಿದ ಮೇಲೆ, ನವೆಂಬರ್ ರಾಜ್ಯೋತ್ಸವದ ಕಾರ್ಯಕ್ರಮಗಳಿಗೆ ಮುಂಚೆ ಬಂದರೆ ಒಳ್ಳೆಯದು.

ಕ್ಯುಆರ್, ಲಿಂಕ್, ಹಣ

ಪುಸ್ತಕದ ಕೊನೆಯ ಪುಟದಲ್ಲಿ ಕ್ಯುಆರ್ ಇದ್ದರೆ ಓದಿ ಮುಗಿಸಿದವರು ಅಲ್ಲಿಂದಲೇ ನಿಮಗೆ ಬರೆಯಬಹುದು. ಇದಕ್ಕೆ ಹೊರಗಿನ ಲಿಂಕ್ ತಯಾರಿಸಿ ಅದರಲ್ಲಿ ಕನ್ನಡ ವಾಕ್ಯ ತುಂಬಿಸುವವರಿದ್ದಾರೆ. ಲಿಂಕಿನೊಳಗೆ ಕನ್ನಡದ ಪ್ರತಿ ಅಕ್ಷರ, ಪ್ರತಿ ಕೊಂಬು, ಪ್ರತಿ ಒತ್ತು ಒಂಬತ್ತೊಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. "ಪುಸ್ತಕ ಬೇಕು" ಎಂಬ ಎರಡೇ ಪದಕ್ಕೆ ತೊಂಬತ್ತಕ್ಕೂ ಹೆಚ್ಚು. ಲಿಂಕ್ ಉದ್ದವಾದಷ್ಟೂ ಕ್ಯುಆರ್‌ನ ಚುಕ್ಕೆಗಳು ಸಣ್ಣದಾಗಿ ಒತ್ತೊತ್ತಾಗುತ್ತವೆ, ಅಗ್ಗದ ಕಾಗದದ ಮೇಲೆ ಶಾಯಿ ಹರಡಿದರೆ ಸ್ಕ್ಯಾನೇ ಆಗುವುದಿಲ್ಲ. ಆ್ಯಪ್‌ನೊಳಗಿನ ಶಾರ್ಟ್ ಲಿಂಕ್ ಬಳಸಿ, ಮೊದಲ ಮಾತನ್ನು ಅಲ್ಲೇ ಕನ್ನಡದಲ್ಲಿ ಬರೆದಿಡಿ. ಕ್ಯುಆರ್ ಕನಿಷ್ಠ ಎರಡು ಸೆಂಟಿಮೀಟರ್ ಅಗಲವಿರಲಿ, ಸುತ್ತ ಬಿಳಿ ಅಂಚು ಇರಲಿ, ಪ್ರೂಫ್ ಹಂತದಲ್ಲೇ ಎರಡು ಮೂರು ಫೋನಿನಲ್ಲಿ ಹಿಡಿದು ನೋಡಿ.

ಹಣ ಬಂತೇ ಎಂಬುದನ್ನು ಯುಪಿಐ ಆ್ಯಪ್ ಅಥವಾ ಬ್ಯಾಂಕಿನ ಮೆಸೇಜಿನಲ್ಲೇ ನೋಡಿ, ಅವರು ಕಳಿಸಿದ ಸ್ಕ್ರೀನ್‌ಶಾಟ್ ನಂಬಿ "ಕಟ್ಟಬೇಕು" ಲೇಬಲ್ ಹಾಕಬೇಡಿ. "ನೂರು ಪ್ರತಿ ಬೇಕು, ಈ ಕ್ಯುಆರ್ ಸ್ಕ್ಯಾನ್ ಮಾಡಿ, ಮುಂಗಡ ನಿಮಗೆ ಬರುತ್ತದೆ" ಎಂಬ ಕರೆ ಹೊಸ ಮಾರಾಟಗಾರರಿಗೆ ಬರುತ್ತಲೇ ಇರುತ್ತದೆ. ಹಣ ಪಡೆಯಲು ಯಾವತ್ತೂ ಪಿನ್ ಒತ್ತಬೇಕಿಲ್ಲ. ಪಿನ್ ಕೇಳಿತು ಎಂದರೆ ಹಣ ಹೋಗುತ್ತಿದೆ ಎಂದೇ ಅರ್ಥ.

ಜ್ಞಾನ ಪೋಸ್ಟ್

ಪುಸ್ತಕಗಳಿಗೆಂದೇ ಇದ್ದ ಅಗ್ಗದ ರಿಜಿಸ್ಟರ್ಡ್ ದರವನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿದಾಗ ಸಣ್ಣ ಪ್ರಕಾಶಕರಿಗೆಲ್ಲ ಪೆಟ್ಟು ಬಿತ್ತು. ಅದರ ಜಾಗಕ್ಕೆ 2025ರ ಮೇ 1ರಿಂದ ಬಂದದ್ದು ಜ್ಞಾನ ಪೋಸ್ಟ್. 300 ಗ್ರಾಂವರೆಗೆ 20 ರೂಪಾಯಿ, ಮೆಟ್ಟಿಲು ಮೆಟ್ಟಿಲಾಗಿ ಏರಿ 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಟ್ರ್ಯಾಕಿಂಗ್ ಇದೆ. ದೂರಕ್ಕೆ ತಕ್ಕಂತೆ ದರ ಬದಲಾಗುವುದಿಲ್ಲ, ಬೇಲೂರಿಗೂ ಬೀದರಿಗೂ ಒಂದೇ. ಇದೇ ಕಟ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ಹೊರ ಊರಿಗೆ ಕಳಿಸಿದರೆ ಹೆಚ್ಚುಕಡಿಮೆ ಮೂರು ಪಟ್ಟು ಆಗುತ್ತದೆ.

ಲೆಕ್ಕ ಹೀಗೆ ಹಾಕಿ. ನಮ್ಮಲ್ಲಿ ಸಾಮಾನ್ಯವಾದ ಡೆಮಿ 1/8 ಆಕಾರ, 70 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ಕಾಗದ, 160 ಪುಟದ ಪುಸ್ತಕ ಸುಮಾರು 190 ಗ್ರಾಂ ತೂಗುತ್ತದೆ. 200 ಪುಟಕ್ಕೆ ಸುಮಾರು 230. ರಟ್ಟು, ಪ್ಲಾಸ್ಟಿಕ್, ಟೇಪು ಸೇರಿ ಇನ್ನು 40ರಿಂದ 50 ಗ್ರಾಂ. ಅಂದರೆ 200 ಪುಟದವರೆಗೆ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ. ಅದೇ 200 ಪುಟವನ್ನು 80 ಜಿಎಸ್ಎಂ ಕಾಗದದಲ್ಲಿ ಹಾಕಿಸಿದರೆ ಕಟ್ಟು 300 ಗ್ರಾಂ ದಾಟುವ ಸಾಧ್ಯತೆ ಹೆಚ್ಚು. ವ್ಯತ್ಯಾಸ ಪ್ರತಿಗೆ ಕೆಲವೇ ರೂಪಾಯಿ, ಆದರೂ ಕಾಗದ ಆರಿಸುವಾಗಲೇ ತಿಳಿದಿದ್ದರೆ ಒಳ್ಳೆಯದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಈ ಕೆಲಸಕ್ಕೆ ಸಾಕು.

ದುಡ್ಡಿನ ಮಾತು: 180 ರೂಪಾಯಿ ಮುಖಬೆಲೆಯಲ್ಲಿ ತೆರಿಗೆ ಸೇರಿ ಅಂಚೆಗೆ 25, ಕಟ್ಟುವುದಕ್ಕೆ 8 ಎಂದು ಹಿಡಿದರೆ ಕೈಗೆ 147 ಉಳಿಯುತ್ತದೆ. ಪುಸ್ತಕದಂಗಡಿಗೆ 35 ಪರ್ಸೆಂಟ್ ರಿಯಾಯಿತಿ ಕೊಟ್ಟರೆ 117, ಅದೂ ಹಲವು ತಿಂಗಳ ಮೇಲೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲದಿರುವುದು ಒಂದು ನೆಮ್ಮದಿ.

ನಿಯಮಗಳನ್ನು ತಿಳಿದುಕೊಂಡೇ ಕೌಂಟರಿಗೆ ಹೋಗಿ. ಶಿಕ್ಷಣ, ಸಮಾಜ, ಸಂಸ್ಕೃತಿ, ಧರ್ಮಕ್ಕೆ ಸಂಬಂಧಿಸಿದ ಪುಸ್ತಕಗಳಿಗೆ ಈ ದರ. ನಿಯತಕಾಲಿಕೆಗೆ, ವ್ಯಾಪಾರಿ ಪ್ರಕಟಣೆಗಳಿಗೆ ಇಲ್ಲ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು. ಸ್ವಂತ ಪ್ರಕಟಣೆ ಎಂದು ಆ ಪುಟವನ್ನೇ ಬಿಟ್ಟುಬಿಡುವವರಿಗೆ ಇಲ್ಲಿ ತೊಂದರೆಯಾಗುತ್ತದೆ. ಜಾಹೀರಾತು ಇರಬಾರದು, ಪುಸ್ತಕಗಳ ಪಟ್ಟಿಯಂಥ ಪ್ರಾಸಂಗಿಕ ಪ್ರಕಟಣೆಗೆ ಅಡ್ಡಿಯಿಲ್ಲ. ಆದ್ದರಿಂದ ಮುಂದಿನ ಪುಸ್ತಕದ ಕರಪತ್ರವನ್ನು ಬಿಡಿಯಾಗಿ ತುರುಕುವ ಬದಲು, ಕೊನೆಯ ಪುಟದ ಪುಸ್ತಕ ಪಟ್ಟಿಯ ಜೊತೆ ಕ್ಯುಆರ್ ಅಚ್ಚುಹಾಕಿಸುವುದೇ ಕ್ಷೇಮ. ಪತ್ರವನ್ನೂ ಒಳಗಿಡಬೇಡಿ. ಓದುಗರಿಗೆ ಹೇಳಬೇಕಾದ ಎರಡು ಮಾತನ್ನು ಮೊದಲ ಪುಟದಲ್ಲಿ ಸಹಿಯೊಂದಿಗೆ ಬರೆಯಿರಿ. ಕೌಂಟರಿನಲ್ಲಿ ಹೊಸಬರಿದ್ದು ಮಾಮೂಲಿ ಪಾರ್ಸೆಲ್ ದರ ಹಾಕಲು ಹೊರಟರೆ, ಕಟ್ಟಿನ ಮೇಲೆ ದೊಡ್ಡದಾಗಿ "ಜ್ಞಾನ ಪೋಸ್ಟ್" ಎಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದಿದ್ದರೆ ವಿವರಿಸುವುದು ಸುಲಭ. ಒಂದು ಬಿಡಿ ಪ್ರತಿಯನ್ನು ಕೈಯಲ್ಲಿ ಇಟ್ಟುಕೊಂಡು ಹೋಗಿ, ಪ್ರಕಾಶಕರ ಪುಟ ತೋರಿಸಲು.

ಕಟ್ಟುವುದು ಮಲೆನಾಡಿನ ಮಳೆಯನ್ನು ನೆನಪಿಟ್ಟುಕೊಂಡು ಮಾಡಬೇಕಾದ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ ಕಡೆಗೆ ಹೋಗುವ ಕಟ್ಟು ಪೋಸ್ಟ್‌ಮನ್ ಚೀಲದಲ್ಲೂ ಒದ್ದೆಯಾಗುತ್ತದೆ. ಮೊದಲು ಪುಸ್ತಕವನ್ನು ತೆಳು ಪಾಲಿಥಿನ್ ಕವರಿನಲ್ಲಿಟ್ಟು ಬಾಯಿ ಅಂಟಿಸಿ. ದಿನಸಿ ಅಂಗಡಿಯ ಹಳೆ ರಟ್ಟಿನ ಪೆಟ್ಟಿಗೆಯಿಂದ ಪುಸ್ತಕಕ್ಕಿಂತ ಅರ್ಧ ಸೆಂಟಿಮೀಟರ್ ದೊಡ್ಡದಾದ ಎರಡು ತುಂಡು ಕತ್ತರಿಸಿ ಎರಡೂ ಬದಿಗಿಡಿ. ಆ ಅರ್ಧ ಸೆಂಟಿಮೀಟರೇ ಮೂಲೆ ಮಡಚದಂತೆ ಕಾಯುವುದು. ಮೇಲೆ ಕಂದು ಕಾಗದ, ಅದರ ಮೇಲೆ ಟೇಪು. ಸ್ಟೇಪ್ಲರ್ ಪಿನ್ ಬೇಡ, ಬಿಚ್ಚುವಾಗ ಮುಖಪುಟವೇ ಹರಿಯುತ್ತದೆ. ವಿಳಾಸವನ್ನು ಮಾರ್ಕರಿನಲ್ಲಿ ಬರೆದು ಮೇಲೆ ಪಾರದರ್ಶಕ ಟೇಪ್ ಹಚ್ಚಿ, ಬಾರ್‌ಕೋಡ್ ಅಂಟಿಸಲು ಬಲಗಡೆ ಜಾಗ ಬಿಡಿ. ರಾಜ್ಯದೊಳಗೆ ಕನ್ನಡ ವಿಳಾಸ ಸಾಕು, ಹೊರಗಾದರೆ ಇಂಗ್ಲಿಷ್ ಬೇಕು. ಪಿನ್ ಕೋಡಿನ ಆರು ಅಂಕಿಯನ್ನು ಮಾತ್ರ ಎರಡು ಸಲ ನೋಡಿ. ಏಳೆಂಟು ವರ್ಷದ ಮಕ್ಕಳಿಗೆ ಪಾಲಿಥಿನ್ ಕವರಿನಲ್ಲಿಡುವ ಕೆಲಸ, "ಜ್ಞಾನ ಪೋಸ್ಟ್" ಎಂದು ಬರೆಯುವ ಕೆಲಸ ಕೊಟ್ಟರೆ ಖುಷಿಯಿಂದ ಮಾಡುತ್ತಾರೆ. ಕಟರ್ ನಿಮ್ಮ ಕೈಯಲ್ಲೇ ಇರಲಿ. ರಜೆಗೆ ಮುಂಚೆ ಇಪ್ಪತ್ತು ಪ್ರತಿಯನ್ನು ವಿಳಾಸವಿಲ್ಲದೆ ಕಟ್ಟಿಟ್ಟುಕೊಂಡರೆ, ಮಕ್ಕಳು ದಿನವಿಡೀ ಮನೆಯಲ್ಲಿರುವಾಗ ಬರೀ ವಿಳಾಸ ಬರೆದರಾಯಿತು.

ಇನ್ನು ಕೊರತೆಗಳು. ಮನೆಗೆ ಬಂದು ಕಟ್ಟು ಒಯ್ಯುವುದಿಲ್ಲ, ನೀವೇ ಹೋಗಬೇಕು. ಸೇವೆ ಇರುವುದು ಇಲಾಖೆಯ ಅಂಚೆ ಕಚೇರಿಗಳಲ್ಲಿ, ಹಳ್ಳಿಯ ಶಾಖಾ ಕಚೇರಿಯನ್ನು ನೆಚ್ಚಿಕೊಂಡವರು ಹತ್ತಿರದ ಉಪ ಅಂಚೆ ಕಚೇರಿಗೆ ಹೋಗಬೇಕಾಗಬಹುದು. ಹಾಸನದಲ್ಲಿ ಪ್ರಧಾನ ಅಂಚೆ ಕಚೇರಿಯನ್ನೇ ಹಿಡಿಯಬೇಕಿಲ್ಲ, ನಿಮ್ಮ ಬಡಾವಣೆಗೆ ಹತ್ತಿರದ ಉಪ ಕಚೇರಿಯಲ್ಲಿ ಸಾಲು ಸಣ್ಣದಿರುತ್ತದೆ. ಸೋಮವಾರ ಮತ್ತು ತಿಂಗಳ ಮೊದಲ ದಿನಗಳು ಬೇಡ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಂತೂ ಊರಿನ ನಡುಭಾಗಕ್ಕೆ ಮಗುವನ್ನು ಕರೆದುಕೊಂಡು ಕಟ್ಟು ಹೊತ್ತು ಹೋಗುವ ಸಾಹಸ ಮಾಡಬೇಡಿ. ಶಾಲೆಯ ವ್ಯಾನ್ ಹೋದ ಮೇಲೆ, ಕೌಂಟರ್ ತೆರೆದ ಮೊದಲ ಗಂಟೆ ಒಳ್ಳೆಯದು.

ಎರಡನೆಯ ಕೊರತೆ ವೇಗ. ಕಟ್ಟು ರಸ್ತೆ, ರೈಲಿನಲ್ಲೇ ಹೋಗುತ್ತದೆ. ಬೆಂಗಳೂರಿಗೆ ಐದು ದಿನ, ಉತ್ತರ ಕರ್ನಾಟಕಕ್ಕೆ ಹತ್ತು ದಿನ ಎಂದೇ ಓದುಗರಿಗೆ ಹೇಳಿ, ಮುಂಚೆ ಮುಟ್ಟಿದರೆ ಅವರಿಗೂ ಸಂತೋಷ. ಹುಟ್ಟುಹಬ್ಬಕ್ಕೆ ಉಡುಗೊರೆ ಬೇಕು ಎಂದವರಿಗೆ ಸ್ಪೀಡ್ ಪೋಸ್ಟ್ ಹಣ ಬೇರೆಯಾಗಿ ಕೇಳಿ. ರಸೀದಿಯಲ್ಲಿ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಮತ್ತೆರಡು ಅಕ್ಷರದ ನಂಬರಿರುತ್ತದೆ. ಶಾಯಿ ಬೇಗ ಮಾಸುವುದರಿಂದ ಕೌಂಟರ್ ಬಿಡುವ ಮುಂಚೆ ಫೋಟೋ ತೆಗೆದು, ಅಲ್ಲೇ ನಿಂತು ಆಯಾ ಓದುಗರಿಗೆ ಕಳಿಸಿ, ಲೇಬಲ್ ಬದಲಾಯಿಸಿ. ಮನೆಗೆ ಹೋಗಿ ಮಾಡೋಣ ಎಂದರೆ ಮನೆಯಲ್ಲಿ ಬೇರೆ ಕೆಲಸ ಕಾದಿರುತ್ತದೆ.

ಇವೆರಡೂ ಸಾಲದ ಕಡೆ

ಬೆಂಗಳೂರು, ಮೈಸೂರಿನ ಪುಸ್ತಕದಂಗಡಿಗೆ ಐವತ್ತು ಪ್ರತಿ ಕಳಿಸುವಾಗ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ನೋಡಿ. 2021ರಲ್ಲಿ ಶುರುವಾದ ಸೇವೆ ಇದು, ಬಸ್ ನಿಲ್ದಾಣದಲ್ಲಿ ಬುಕ್ ಮಾಡಿದರೆ ಆ ಕಡೆಯ ನಿಲ್ದಾಣದಲ್ಲಿ ಅಂಗಡಿಯವರು ಬಂದು ಬಿಡಿಸಿಕೊಳ್ಳಬೇಕು. ಬರುತ್ತೀರಾ ಎಂದು ಮೊದಲೇ ಕೇಳಿಕೊಳ್ಳಿ. ತಾಲ್ಲೂಕು, ಜಿಲ್ಲಾ ಸಾಹಿತ್ಯ ಸಮ್ಮೇಳನಗಳಿಗೆ, ಹಾಸನಾಂಬ ಕಲಾಕ್ಷೇತ್ರದ ಕಾರ್ಯಕ್ರಮಗಳಿಗೆ ಹೋಗುವಾಗ ಇಪ್ಪತ್ತೈದು ಪ್ರತಿ, ನಿಲ್ಲಿಸಿಡುವ ಕ್ಯುಆರ್ ಫಲಕ, ನೂರರಷ್ಟು ಚಿಲ್ಲರೆ, ಸಹಿಗೆ ಎರಡು ಪೆನ್ನು ಸಾಕು. ಬೇಲೂರು, ಅರಸೀಕೆರೆಗೆ ಹೋಗುವ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಟಿಕೆಟ್ ಖರ್ಚೂ ಇಲ್ಲ. ಮಗುವನ್ನು ಕರೆದುಕೊಂಡು ಹೋಗುವುದಾದರೆ ಅರ್ಧ ದಿನಕ್ಕೇ ಮಳಿಗೆ ಹಿಡಿಯಿರಿ, ಅಥವಾ ಇನ್ನೊಬ್ಬ ಲೇಖಕಿಯ ಜೊತೆ ಮೇಜು ಹಂಚಿಕೊಳ್ಳಿ.

ಅಂಕ ಕೊಡುವುದಾದರೆ ವಾಟ್ಸ್‌ಆ್ಯಪ್ ಬಿಸಿನೆಸ್‌ಗೆ ಐದಕ್ಕೆ ನಾಲ್ಕು. ಒಂದಂಕ ಕಳೆದದ್ದು, ಅವೇ ಮೆಸೇಜ್ ಫೋನಿನ ಇಂಟರ್ನೆಟ್ಟನ್ನು ನೆಚ್ಚಿಕೊಂಡಿರುವುದಕ್ಕೆ ಮತ್ತು ಎಷ್ಟು ಪ್ರತಿ ಉಳಿದಿದೆ ಎಂಬ ಲೆಕ್ಕವನ್ನು ಅದು ಇಡದಿರುವುದಕ್ಕೆ. ಆ ಲೆಕ್ಕಕ್ಕೆ ಒಂದು ನೋಟ್‌ಬುಕ್ ಬೇಕೇ ಬೇಕು. ಜ್ಞಾನ ಪೋಸ್ಟಿಗೆ ಮೂರೂವರೆ. ಮನೆಯಿಂದ ಕಟ್ಟು ಒಯ್ಯುವ ಏರ್ಪಾಡು ಸೇರಿದರೆ ನಾಲ್ಕೂವರೆ ಕೊಡಲು ಅಡ್ಡಿಯಿಲ್ಲ. ವಾರಕ್ಕೆ ಇಪ್ಪತ್ತು ಮೂವತ್ತು ಪ್ರತಿಯವರೆಗೆ ಈ ಜೋಡಿ ಆರಾಮಾಗಿ ನಡೆಯುತ್ತದೆ. ಅದಕ್ಕೂ ಮೀರಿ ಹೋಗುತ್ತಿದ್ದರೆ ಅರ್ಧ ಭಾಗವನ್ನು ವಿತರಕರಿಗೆ ಒಪ್ಪಿಸಿ, ರಿಯಾಯಿತಿ ಹೋದರೂ ಚಿಂತೆಯಿಲ್ಲ, ಎರಡನೇ ಮುದ್ರಣಕ್ಕೆ ಮುಖಪುಟದ ಫೈಲನ್ನು ಈಗಲೇ ತೆಗೆದಿಡಿ.